ಮನೆಯ ಚಡಾವು ಹತ್ತುವ ಕಾರು: ಕಾಂಪ್ಯಾಕ್ಟ್ ಎಸ್‌ಯುವಿ ತೆಗೆಯುವವರಿಗೆ

ದೀಪಾವಳಿ ಕಳೆದಿತ್ತು. ಸಂಜೆಯ ಗುಡುಗು ಮಳೆ ಇನ್ನೂ ನಿಂತಿರಲಿಲ್ಲ. ಬಾಯಾರಿನಿಂದ ಭಾವ ಫೋನ್ ಮಾಡಿದ.

“ಭಾವ, ಹತ್ತು ಲಕ್ಷ ಒಟ್ಟಾಗಿದೆ. ಒಂದು ಎಸ್‌ಯುವಿ ತೆಗೆಯುವ ಅಂತ ಉಂಟು. ಯಾವುದು ಆದೀತು?”

“ಮೊದಲು ಟೇಪ್ ಹಿಡಿದು ನಿನ್ನ ಮನೆಯ ದಾರಿ ಅಳೆ. ಕಾರಿನ ಹೆಸರು ಆಮೇಲೆ ಮಾತಾಡುವ.”

ಅವನಿಗೆ ಸ್ವಲ್ಪ ಸಿಟ್ಟು ಬಂತು. ಆದರೂ ಅಳೆದ. ಡಾಮರು ರಸ್ತೆಯಿಂದ ಅಂಗಳಕ್ಕೆ ಮುನ್ನೂರು ಮೀಟರ್ ಮಣ್ಣು ದಾರಿ. ನಡುವೆ ಒಂದು ಕಡೆ ಎರಡೂ ಬದಿಗೆ ಮುರಕಲ್ಲಿನ ಬರೆ, ಅಂದರೆ ಗುಡ್ಡ ಕಡಿದ ಗೋಡೆ. ಅಲ್ಲಿ ಅಗಲ ಸರಿಯಾಗಿ ಏಳು ಅಡಿ.

ಕೇರಳದ ಗಡಿಯಲ್ಲಿರುವ ನಮ್ಮ ಕಾಸರಗೋಡಿನ ಕಡೆ ಕಾರು ಆರಿಸುವ ಲೆಕ್ಕ ಅಲ್ಲಿಂದಲೇ ಶುರುವಾಗಬೇಕು. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಆರು ಪಥದ್ದಾಗಿದೆ. ಅಲ್ಲಿ ಯಾವ ಕಾರೂ ಓಡುತ್ತದೆ. ಪೆರ್ಲ, ಬಾಯಾರು, ಮುಳ್ಳೇರಿಯ, ಬಂದಡ್ಕ ಕಡೆಯವರ ಕಷ್ಟ ಇರುವುದು ಕೊನೆಯ ಅರ್ಧ ಕಿಲೋಮೀಟರಿನಲ್ಲಿ. ಯಾವ ಬ್ರೋಷರಿನಲ್ಲೂ ಆ ಅರ್ಧ ಕಿಲೋಮೀಟರಿನ ಸುದ್ದಿ ಇರುವುದಿಲ್ಲ.

ಟೇಪಿನ ಕೆಲಸ

ಕಾಂಪ್ಯಾಕ್ಟ್ ಎಸ್‌ಯುವಿ ಅಂತ ನಾವು ಹೇಳುವ ಕಾರುಗಳೆಲ್ಲ ಉದ್ದದಲ್ಲಿ ನಾಲ್ಕು ಮೀಟರಿನ ಒಳಗೆ. ಬ್ರೆಝಾ, ನೆಕ್ಸಾನ್, ಕೈಲಾಕ್ ಮೂರೂ 3,995 ಮಿಲಿಮೀಟರ್. ತೆರಿಗೆ ಕಡಿಮೆ ಬೀಳಲಿ ಅಂತ ಐದು ಮಿಲಿಮೀಟರ್ ಬಿಟ್ಟು ನಿಲ್ಲಿಸಿದ್ದಾರೆ. ಹಾಗಾಗಿ ಉದ್ದದ ಚಿಂತೆ ಬೇಡ. ವ್ಯತ್ಯಾಸ ಇರುವುದು ಅಗಲದಲ್ಲಿ. ಮ್ಯಾಗ್ನೈಟ್ 1,758 ಮಿಲಿಮೀಟರ್, ಬ್ರೆಝಾ 1,790, ನೆಕ್ಸಾನ್ 1,804, ಎಕ್ಸ್‌ಯುವಿ 3ಎಕ್ಸ್‌ಒ 1,821. ಈ ಲೆಕ್ಕದಲ್ಲಿ ಬದಿಯ ಕನ್ನಡಿಗಳು ಸೇರಿಲ್ಲ. ಎರಡೂ ಕನ್ನಡಿಗೆ ಸೇರಿಸಿ ಹೆಚ್ಚುಕಡಿಮೆ ಒಂದು ಗೇಣು ಇಟ್ಟುಕೊಳ್ಳಿ. ಹಾಗೆ ನೋಡಿದರೆ ಭಾವನ ಬರೆಯ ನಡುವೆ ನೆಕ್ಸಾನ್ ಹೋದರೆ ಎರಡೂ ಕಡೆ ಎರಡೆರಡು ಇಂಚು ಉಳಿಯುತ್ತದೆ. ಹಗಲು ಹೊತ್ತು ಆದೀತು. ಮದುವೆ ಊಟ ಮುಗಿಸಿ ರಾತ್ರಿ ಮಳೆಯಲ್ಲಿ ಬರುವಾಗ?

ನೆಲದಿಂದ ಎಷ್ಟು ಎತ್ತರ ಅಂತಲೂ ನೋಡಿ. ನೆಕ್ಸಾನ್ 208 ಮಿಲಿಮೀಟರ್, ಸೋನೆಟ್ 205, ಕೈಲಾಕ್ 189. ಸಂಖ್ಯೆ ನೋಡಿಯೇ ತೀರ್ಮಾನ ಮಾಡಬೇಡಿ. ಐದು ಜನ ಕೂತು, ಡಿಕ್ಕಿಯಲ್ಲಿ ಒಂದು ಗೋಣಿ ಅಡಿಕೆ ಇಟ್ಟರೆ ಕಾರಿನ ಹಿಂಬದಿ ಚೆನ್ನಾಗಿಯೇ ಕೂರುತ್ತದೆ. ತಾಗುವ ಜಾಗ ಎರಡು. ನೀರಿನ ಕಣಿ ದಾಟಿ ಏರು ಶುರುವಾಗುವಲ್ಲಿ ಮುಂದಿನ ಬಂಪರ್. ಏರು ಮುಗಿದು ಅಂಗಳಕ್ಕೆ ಮಗುಚುವಲ್ಲಿ ಹೊಟ್ಟೆ. ಈಗಿರುವ ಕಾರಿನ ಬಂಪರಿನ ಕೆಳಗೆ ಕೈ ಹಾಕಿ ನೋಡಿ. ಗೀರು ಎಲ್ಲಿ ಉಂಟೋ, ಹೊಸ ಕಾರೂ ಅಲ್ಲಿಯೇ ತಾಗುವುದು.

ಏರಿನಲ್ಲಿ ನಿಲ್ಲಿಸಿ ನೋಡಿ

ನೋಡಲಿಕ್ಕೆ ಜೀಪಿನ ಗತ್ತು ಇದ್ದರೂ ಇವು ಜೀಪುಗಳಲ್ಲ. ವೆನ್ಯೂ, ಸೋನೆಟ್, ಬ್ರೆಝಾ, ನೆಕ್ಸಾನ್, ಕೈಗರ್, ಎಲ್ಲದಕ್ಕೂ ಎಂಜಿನ್ ತಿರುಗಿಸುವುದು ಮುಂದಿನ ಎರಡು ಚಕ್ರಗಳನ್ನು ಮಾತ್ರ. ಏರು ಹತ್ತುವಾಗ ಭಾರ ಹಿಂದಕ್ಕೆ ಹೋಗುತ್ತದೆ, ಮುಂದಿನ ಚಕ್ರಕ್ಕೆ ಹಿಡಿತ ಕಡಿಮೆಯಾಗುತ್ತದೆ. ಒದ್ದೆ ಮುರಮಣ್ಣಿನ ಮೇಲೆ ಚಕ್ರ ಅಲ್ಲೇ ಸುತ್ತುತ್ತದೆ, ಕಾರು ಹೋಗುವುದಿಲ್ಲ. ಎಂಜಿನ್ ಎಷ್ಟು ದೊಡ್ಡದಿದ್ದರೂ ಇಷ್ಟೇ. ದಾರಿ ಅಷ್ಟು ಹಾಳಾಗಿದ್ದರೆ ನಾಲ್ಕು ಮೀಟರಿನ ಒಳಗೇ ಫೋರ್ ವೀಲ್ ಡ್ರೈವಿನ ಥಾರ್, ಜಿಮ್ನಿ ಉಂಟು. ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಬೊಲೆರೊ ನಿಯೋ ಕೂಡ ಉಂಟು. ಇಲ್ಲ ಅಂದರೆ ಚಡಾವಿಗೆ ಎರಡು ಪಟ್ಟಿ ಕಾಂಕ್ರೀಟ್ ಹಾಕಿಸಿ. ಕಾರು ಬದಲಾಯಿಸುವುದಕ್ಕಿಂತ ಅದು ಅಗ್ಗ. ನಾನು ಹಾಗೆಯೇ ಮಾಡಿದ್ದು.

ಶೋರೂಮಿನವರು ಟೆಸ್ಟ್ ಡ್ರೈವ್ ಅಂತ ಹೆದ್ದಾರಿಯಲ್ಲಿ ಒಂದು ಸುತ್ತು ಹೊಡೆಸಿ ಕಳಿಸುತ್ತಾರೆ. ಅದು ಲೆಕ್ಕಕ್ಕಿಲ್ಲ. ಗಾಡಿ ಮನೆಗೇ ತನ್ನಿ ಅಂತ ಕೇಳಿ, ತರುತ್ತಾರೆ. ಮನೆಯವರನ್ನೆಲ್ಲ ಕೂರಿಸಿ. ಏರಿನ ನಡುವೆ ಪೂರ್ತಿ ನಿಲ್ಲಿಸಿ. ಬ್ರೇಕ್ ಬಿಟ್ಟು ಮತ್ತೆ ಹೊರಡಿಸಿ. ಮಳೆ ಬಂದ ಮರುದಿನವಾದರೆ ಇನ್ನೂ ಒಳ್ಳೆಯದು.

ಭಾವನಲ್ಲಿಗೆ ಎರಡು ಕಾರು ಬಂದವು. ಮೊದಲನೆಯದು ಎಎಂಟಿ. ಅಂದರೆ ಒಳಗಿರುವುದು ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ ಒತ್ತಿ ಗೇರ್ ಬದಲಾಯಿಸುವ ಕೆಲಸ ಮಾತ್ರ ಯಂತ್ರದ್ದು. ಏರಿನಲ್ಲಿ ನಿಲ್ಲಿಸಿ ಬ್ರೇಕ್ ಬಿಟ್ಟದ್ದೇ ತಡ, ಒಂದು ಗೇಣು ಹಿಂದೆ ಬಂತು. ಹಿಂದಿನ ಸೀಟಿನಲ್ಲಿದ್ದ ಅತ್ತೆ “ರಾಮ ರಾಮ” ಅಂದು ಬಾಗಿಲ ಹಿಡಿ ಹಿಡಿದುಕೊಂಡರು. ಹಿಲ್ ಹೋಲ್ಡ್ ಇರಲಿಲ್ಲ. ಎರಡನೆಯದರಲ್ಲಿ ಅದು ಇತ್ತು. ಎರಡು ಮೂರು ಸೆಕೆಂಡ್ ಬ್ರೇಕ್ ತಾನೇ ಹಿಡಿದು ನಿಂತಿತು, ಆ ಹೊತ್ತಿಗೆ ಆಕ್ಸಿಲರೇಟರ್ ಒತ್ತಿದರೆ ಆಯಿತು. ಸನ್‌ರೂಫಿಗಿಂತ ಮೊದಲು ಕೇಳಬೇಕಾದದ್ದು ಇದು.

ಸನ್‌ರೂಫ್ ಅಂದಾಗ ಒಂದು ಮಾತು. ಅದರ ನಾಲ್ಕು ಮೂಲೆಯಲ್ಲಿ ನೀರು ಇಳಿಯಲಿಕ್ಕೆ ಸಣ್ಣ ಕೊಳವೆಗಳಿರುತ್ತವೆ. ಹಲಸಿನ ಮರದ ಅಡಿ ಕಾರು ನಿಲ್ಲಿಸುವವರಿಗೆ ಅವು ಕಸ ಕಟ್ಟಿ, ನೀರು ಒಳಗೆ ಸೀಟಿನ ಮೇಲೆ ಇಳಿಯುವುದು ಖಂಡಿತ. ನಮ್ಮ ಮಳೆಗೆ ಅದು ಯಾಕೆ ಬೇಕು ಅಂತ ನನಗಂತೂ ಗೊತ್ತಾಗಿಲ್ಲ. ಮಕ್ಕಳು ಬಿಡುವುದಿಲ್ಲ, ಅಲ್ವಾ?

ಗೇರಿನ ಬಗ್ಗೆ ನನ್ನ ಅಭಿಪ್ರಾಯ ಇಷ್ಟು. ಏರು ಜಾಸ್ತಿ ಇರುವವರಿಗೆ ಮ್ಯಾನ್ಯುಯಲ್, ಇಲ್ಲವೇ ಕ್ಲಚ್ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವ ಆಟೋಮ್ಯಾಟಿಕ್. ಎರಡು ಕ್ಲಚ್‌ನ ಡಿಸಿಟಿ ಹೆದ್ದಾರಿಯಲ್ಲಿ ಚಂದ. ಆದರೆ ಏರಿನಲ್ಲಿ ಇಂಚಿಂಚೇ ಹೋಗುವಾಗ ಕ್ಲಚ್ ಬಿಸಿಯಾಗುತ್ತದೆ. ಮೂರು ಸಿಲಿಂಡರಿನ ಸಣ್ಣ ಟರ್ಬೊ ಎಂಜಿನ್ನುಗಳು ಒಮ್ಮೆ ವೇಗ ಹಿಡಿದರೆ ಹಾರುತ್ತವೆ, ಎಂಜಿನ್ ನಿಧಾನಕ್ಕೆ ತಿರುಗುವಾಗ ಸ್ವಲ್ಪ ಮಂಕು. ನಿಂತಲ್ಲಿಂದ ಏರು ಹತ್ತಿಸಿದಾಗ ಅದು ಕಾಲಿಗೆ ಗೊತ್ತಾಗುತ್ತದೆ.

ಡೀಸೆಲಿನ ಆಸೆ

ಇಲ್ಲಿ ನಾನು ಪೆಟ್ಟು ತಿಂದಿದ್ದೇನೆ. ನನ್ನ ಶಾಲೆ ಮನೆಯಿಂದ ನಾಲ್ಕು ಕಿಲೋಮೀಟರ್. ಮೈಲೇಜ್ ಸಿಗುತ್ತದೆ ಅಂತ ಎರಡು ವರ್ಷ ಹಳೆಯ ಡೀಸೆಲ್ ಕಾರು ತಂದೆ. ಆರು ತಿಂಗಳಲ್ಲಿ ಮೀಟರಿನಲ್ಲಿ ಹಳದಿ ದೀಪ. ಬದಿಯಡ್ಕದ ಮೆಕಾನಿಕ್ ಬಾನೆಟ್ ಕೂಡ ಎತ್ತಲಿಲ್ಲ.

“ಮಾಷ್ಟ್ರೇ, ದಿನಕ್ಕೆ ಎಷ್ಟು ಓಡುತ್ತದೆ?”

“ಎಂಟು ಕಿಲೋಮೀಟರ್.”

“ಹಾಗಾದರೆ ಇದು ನಿಮಗಲ್ಲ. ಡಿಪಿಎಫ್ ಕಟ್ಟಿದೆ.”

2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ಡೀಸೆಲ್ ಕಾರುಗಳ ಸೈಲೆನ್ಸರಿನ ದಾರಿಯಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದೇ ಡಿಪಿಎಫ್. ಮಸಿ ಉರಿದು ಹೋಗಬೇಕಾದರೆ ಫಿಲ್ಟರ್ ಚೆನ್ನಾಗಿ ಬಿಸಿಯಾಗಬೇಕು. ಅದಕ್ಕೆ ಆಗಾಗ ಹೆದ್ದಾರಿಯಲ್ಲಿ ಅರ್ಧ ಗಂಟೆಯಾದರೂ ಬಿಡದೆ ಓಡಿಸಬೇಕು. ಮನೆ, ಶಾಲೆ, ಸೊಸೈಟಿ ಅಂತ ಸುತ್ತುವವರ ಕಾರಿನಲ್ಲಿ ಮಸಿ ಕಟ್ಟುತ್ತಲೇ ಹೋಗುತ್ತದೆ. ಮಾರಿದವರು ಇದರ ಒಂದು ಮಾತೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ ಅನ್ನಿ. ಆಮೇಲೆ ಆ ಕಾರು ಇರುವಷ್ಟು ದಿನ ಭಾನುವಾರ ಸುಮ್ನೆ ಕುಂಬಳೆಯಿಂದ ತಲಪಾಡಿಗೆ ಹೋಗಿ ಬರುವುದೇ ನನ್ನ ಕೆಲಸವಾಯಿತು.

ವಾರಕ್ಕೆ ಎರಡು ಮೂರು ಸಲ ಮಂಗಳೂರೋ ಕಣ್ಣೂರೋ ಹೋಗುವವರಿಗೆ ಡೀಸೆಲ್ ಇಂದಿಗೂ ಲಾಭ. ಏರಿಗೂ ಒಳ್ಳೆಯದು. ಉಳಿದವರಿಗೆ ಪೆಟ್ರೋಲ್ ಸಾಕು. ಪೆಟ್ರೋಲಿನಲ್ಲಿ ಒಂದು ವಿಷಯ ನೆನಪಿರಲಿ. ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಸೇರಿದ್ದು. 2023ರ ಏಪ್ರಿಲಿಗಿಂತ ಮೊದಲಿನ ಎಷ್ಟೋ ಕಾರುಗಳು 10% ಎಥನಾಲಿನ ಲೆಕ್ಕದಲ್ಲಿ ತಯಾರಾದವು. ಅವುಗಳಲ್ಲಿ ಮೈಲೇಜ್ ಸ್ವಲ್ಪ ಇಳಿಯುತ್ತದೆ. ಟ್ಯಾಂಕಿನ ಮುಚ್ಚಳದ ಒಳಗೆ ಇ10, ಇ20 ಅಂತ ಬರೆದಿದೆಯೋ ನೋಡಿ. ಗಡಿಯ ಆಚೆ ಕರ್ನಾಟಕದ ಬಂಕಿನಲ್ಲಿ ಬೆಲೆ ಕಡಿಮೆ ಅನ್ನುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಆದರೆ ಅದಕ್ಕಾಗಿಯೇ ಇಪ್ಪತ್ತು ಕಿಲೋಮೀಟರ್ ಹೋಗುವವರ ಲೆಕ್ಕ ನನಗೆ ಯಾವತ್ತೂ ಹೊಂದಿಲ್ಲ.

ಮನೆಯ ಮೇಲೆ ಸೋಲಾರ್ ಇದ್ದರೆ ಎಲೆಕ್ಟ್ರಿಕ್ ಕೂಡ ಯೋಚಿಸಿ. ದಿನಕ್ಕೆ ನಲ್ವತ್ತು ಐವತ್ತು ಕಿಲೋಮೀಟರ್ ಓಡುವವರು ರಾತ್ರಿ 15 ಆಂಪ್ ಪ್ಲಗ್ಗಿಗೆ ಹಾಕಿಟ್ಟರೆ ಸಾಕಾಗುತ್ತದೆ. ಅರ್ಥಿಂಗ್ ಸರಿ ಇರಬೇಕು. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದ ಊರಾದರೆ ಮನೆಯಲ್ಲಿ ಬೇರೊಂದು ಗಾಡಿ ಇರಲಿ.

ಹೊಸದೋ ಹಳೆಯದೋ

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯಿತು. ನಾಲ್ಕು ಮೀಟರ್ ಒಳಗಿನ, 1,200 ಸಿಸಿವರೆಗಿನ ಪೆಟ್ರೋಲ್ ಕಾರಿಗೂ 1,500 ಸಿಸಿವರೆಗಿನ ಡೀಸೆಲ್ ಕಾರಿಗೂ ಈಗ 18%. ಮೊದಲು ಸೆಸ್ ಸೇರಿ 29%, 31% ಇತ್ತು. ಎಂಜಿನ್ ಇದಕ್ಕಿಂತ ದೊಡ್ಡದಾದರೆ 40%. ಬ್ರೆಝಾ ನಾಲ್ಕು ಮೀಟರಿನ ಒಳಗಿದ್ದರೂ ಅದರ ಪೆಟ್ರೋಲ್ ಎಂಜಿನ್ 1,462 ಸಿಸಿ. ಹಾಗಾಗಿ ಅದಕ್ಕೆ 40%. ಎಲೆಕ್ಟ್ರಿಕ್‌ಗೆ 5%.

ಇದರಿಂದ ಹಳೆಯ ಕಾರು ತೆಗೆಯುವವರಿಗೂ ಲಾಭ ಉಂಟು. ಮಾರುವವನ ತಲೆಯಲ್ಲಿರುವುದು ಅವನು ಕೊಟ್ಟ ಹಳೆಯ ಬೆಲೆ. ಅದೇ ಕಾರಿನ ಹೊಸದರ ಬೆಲೆ ಅಷ್ಟರಲ್ಲಿ ಇಳಿದಿದೆ, ಕೆಲವಕ್ಕೆ ಒಂದು ಲಕ್ಷಕ್ಕೂ ಜಾಸ್ತಿ. ಚೌಕಾಸಿಗೆ ಕೂರುವ ಮೊದಲು ಇವತ್ತಿನ ಆನ್‌ರೋಡ್ ಬೆಲೆಯನ್ನು ಚೀಟಿಯಲ್ಲಿ ಬರೆದು ಕಿಸೆಯಲ್ಲಿಡಿ. ಮೂರು ವರ್ಷದ ಕಾರಿಗೆ ಹೊಸದಕ್ಕಿಂತ ಒಂದೂವರೆ ಲಕ್ಷ ಮಾತ್ರ ಕಡಿಮೆ ಹೇಳಿದರೆ, ಚಾ ಕುಡಿದು ಎದ್ದು ಬನ್ನಿ.

ನನ್ನ ಪ್ರಕಾರ ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರ್ ಒಳಗೆ ಓಡಿಸುವವರಿಗೆ ಮೂರರಿಂದ ಐದು ವರ್ಷದ, ಒಬ್ಬರೇ ಓಡಿಸಿದ ಪೆಟ್ರೋಲ್ ಕಾರು ಒಳ್ಳೆಯದು. ಜಾಸ್ತಿ ಓಡಿಸುವವರು ಹೊಸದೇ ತೆಗೆದುಕೊಳ್ಳಿ. ಇಕೋಸ್ಪೋರ್ಟ್ ಈಗಲೂ ಅಗ್ಗಕ್ಕೆ ಸಿಗುತ್ತದೆ, ಓಡಿಸಲಿಕ್ಕೂ ಸುಖ. ಆದರೆ ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಇಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವ ತೀರ್ಮಾನ ಹೇಳಿತು. ಬಿಡಿಭಾಗ ಎಲ್ಲಿ ಸಿಗುತ್ತದೆ ಅಂತ ಮೆಕಾನಿಕನನ್ನು ಕೇಳದೆ ಮುಟ್ಟಬೇಡಿ.

ಸುರಕ್ಷತೆಯ ಸ್ಟಾರ್ ನೋಡುವಾಗ ವರ್ಷವನ್ನೂ ನೋಡಬೇಕು. ನೆಕ್ಸಾನಿಗೆ 2018ರ ಡಿಸೆಂಬರಿನಲ್ಲಿ ಕಾರನ್ನು ಗುದ್ದಿಸಿ ಪರೀಕ್ಷೆ ಮಾಡುವ ಸಂಸ್ಥೆ ಗ್ಲೋಬಲ್ ಎನ್‌ಕ್ಯಾಪಿನ ಐದು ಸ್ಟಾರ್ ಬಂತು. 2022ರಲ್ಲಿ ಪರೀಕ್ಷೆ ಬಿಗಿಯಾಯಿತು. ಆ ಬಿಗಿ ಪರೀಕ್ಷೆಯಲ್ಲಿ ಐದು ಸ್ಟಾರ್ ತೆಗೆದದ್ದು 2023ರಲ್ಲಿ ಹೊಸ ಮುಖ ಪಡೆದ ನೆಕ್ಸಾನ್. ಹೆಸರು ಒಂದೇ, ಐದು ಸ್ಟಾರಿನ ತೂಕ ಬೇರೆ. ಹಳೆಯದು ತೆಗೆಯುವುದಾದರೆ ಇಎಸ್‌ಸಿ ಇದೆಯೋ ಕೇಳಿ. ಒದ್ದೆ ತಿರುವಿನಲ್ಲಿ ಕಾರು ಜಾರಿದರೆ ಹಿಡಿಯುವುದು ಅದು.

ಹಳೆಯದನ್ನು ನೋಡುವ ರೀತಿ

ನಮ್ಮ ಜಿಲ್ಲೆಯಲ್ಲಿ ಒಂದು ವಿಶೇಷ ಜಾತಿಯ ಕಾರು ಉಂಟು, ಗಲ್ಫಿನವರ ಕಾರು. ಯಜಮಾನರು ದುಬೈಯಲ್ಲೋ ದೋಹಾದಲ್ಲೋ. ವರ್ಷಕ್ಕೆ ಒಂದು ತಿಂಗಳು ಊರಿಗೆ ಬಂದಾಗ ಓಡುತ್ತದೆ, ಉಳಿದ ಹನ್ನೊಂದು ತಿಂಗಳು ಪೋರ್ಚಿನಲ್ಲಿ ಬಟ್ಟೆ ಹೊದ್ದು ಮಲಗುತ್ತದೆ. ಐದು ವರ್ಷದಲ್ಲಿ ಹದಿನೆಂಟು ಸಾವಿರ ಕಿಲೋಮೀಟರ್. ಬಣ್ಣ ಕನ್ನಡಿಯ ಹಾಗೆ. ಎಲ್ಲರಿಗೂ ಬೇಕು.

ಒಮ್ಮೆ ಅಂಥದ್ದೊಂದನ್ನು ನೋಡಲು ಉಪ್ಪಳಕ್ಕೆ ಹೋಗಿದ್ದೆವು. ಮೆಕಾನಿಕ್ ಟಾರ್ಚ್ ಹಿಡಿದು ಬಾನೆಟ್ ಒಳಗೆ ಬಗ್ಗಿದ. ಬ್ಯಾಟರಿಯ ಹಿಂದೆ ಕೈ ಹಾಕಿ ಎಳೆದಾಗ ಒಂದು ಮುಷ್ಟಿ ತೆಂಗಿನ ನಾರು, ಹಳೆಯ ಬಟ್ಟೆಚೂರು, ನಾಲ್ಕು ನೆಲಗಡಲೆ ಸಿಪ್ಪೆ ಬಂತು. ಇಲಿಯ ಸಂಸಾರ. ಅದರ ಕೆಳಗೆ ಎರಡು ವಯರಿನ ತಾಮ್ರ ಹೊಳೆಯುತ್ತಿತ್ತು. ಆಮೇಲೆ ಅವನು ಟಯರಿನ ಬದಿ ಉಜ್ಜಿ ತೋರಿಸಿದ. ಅಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ನೆಲಕ್ಕೆ ತಾಗುವ ಬದಿಯ ಬಟನ್ ಸವೆಯದಿದ್ದರೂ ರಬ್ಬರ್ ಬಿರುಕು ಬಿಟ್ಟಿತ್ತು. ನಿಂತೇ ಹಳೆಯದಾದ ಕಾರಿಗೆ ನಾಲ್ಕು ಟಯರ್, ಬ್ಯಾಟರಿ, ಬ್ರೇಕ್ ಆಯಿಲ್, ಎಂಜಿನ್ ಆಯಿಲ್ ಇಷ್ಟರ ಖರ್ಚು ಬೆಲೆಯಿಂದ ಕಳೆಯಿರಿ. ಒಪ್ಪಿದರೆ ಗಲ್ಫಿನ ಕಾರು ನಿಜಕ್ಕೂ ಒಳ್ಳೆಯ ವ್ಯಾಪಾರ.

ಕಡಲ ಬದಿಯ ಕಾರಾದರೆ ಉಪ್ಪು ಗಾಳಿಯ ತುಕ್ಕು ನೋಡಿ. ಬಾಗಿಲ ಅಡಿಯಂಚು, ಸ್ಟೆಪ್ನಿ ಇಡುವ ಗುಂಡಿ, ಹಿಂದಿನ ಚಕ್ರದ ಒಳಬದಿ. ಚಾಪೆ ಎತ್ತದೆ ಇದು ಗೊತ್ತಾಗುವುದಿಲ್ಲ. ಗುಡ್ಡೆಯ ಕಡೆಯ ಕಾರಾದರೆ ಕ್ಲಚ್. ಏರಿನಲ್ಲಿ ಮೂರನೇ ಗೇರಿನಲ್ಲಿ ಒತ್ತಿ ನೋಡಿ. ಎಂಜಿನ್ ಕೂಗಿ ಕಾರು ಹೋಗದಿದ್ದರೆ ಕ್ಲಚ್ ಮುಗಿದಿದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಹೋದಾಗ ಟಕ್ ಟಕ್ ಸದ್ದು ಬಂದರೆ ಮುಂದಿನ ಆಕ್ಸಲಿನ ಜಾಯಿಂಟ್ ಸವೆದಿದೆ.

ನೆರೆ ನೀರಿನಲ್ಲಿ ನಿಂತ ಕಾರನ್ನು ತೊಳೆದು ಮಾರುವವರೂ ಇದ್ದಾರೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಒಳಗಿನ ತುದಿಯಲ್ಲಿ ಕೆಸರಿನ ಗೆರೆ ಇದ್ದರೆ ಮಾತು ಮುಗಿಯಿತು. ಸೀಟಿನ ಅಡಿಯ ಹಳಿಯಲ್ಲಿ ತುಕ್ಕು, ಏಸಿ ಹಾಕಿದಾಗ ಹಸಿ ವಾಸನೆ, ಇವೂ ಅದನ್ನೇ ಹೇಳುತ್ತವೆ. ಹೊರಗೆ ಅಂಟಿದ ಕೆಂಪು ಮಣ್ಣಿಗೆ ಹೆದರಬೇಡಿ, ಅದು ನಮ್ಮ ಊರಿನ ಬಣ್ಣ.

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ. ನೀವು ಹೋಗುವಷ್ಟರಲ್ಲಿ ಬಾನೆಟ್ ಬಿಸಿ ಇದ್ದರೆ ಯಾಕೆ ಅಂತ ಕೇಳಿ. ಕೀ ತಿರುಗಿಸಿದಾಗ ಏರ್‌ಬ್ಯಾಗಿನ ದೀಪ ಒಮ್ಮೆ ಹೊತ್ತಿ ಆರಬೇಕು. ಹೊತ್ತದೇ ಇದ್ದರೂ ಅನುಮಾನವೇ. ಎರಡನೇ ಕೀ ಕೇಳಿ ಪಡೆಯಿರಿ. ಮೀಟರಿನ ಕಿಲೋಮೀಟರನ್ನು ಕಂಪನಿ ಸರ್ವಿಸ್ ಸೆಂಟರಿನ ದಾಖಲೆಯ ಜೊತೆ ತಾಳೆ ಹಾಕಿ.

ಕೆಎಲ್ ನಂಬರೋ ಕೆಎ ನಂಬರೋ

ಮಂಗಳೂರು, ಪುತ್ತೂರಿನಲ್ಲಿ ಹಳೆಯ ಕಾರುಗಳ ಆಯ್ಕೆ ಜಾಸ್ತಿ. ಮಾತು ಕನ್ನಡ ತುಳುವಿನಲ್ಲೇ ನಡೆಯುತ್ತದೆ. ಹಾಗಾಗಿ ಕೆಎ-19, ಕೆಎ-21 ಕಡೆಗೆ ಮನಸ್ಸು ಎಳೆಯುತ್ತದೆ. ಆದರೆ ನೀವು ಇರುವುದು ಕೇರಳದಲ್ಲಿ. ಬೇರೆ ರಾಜ್ಯದ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಜಾಸ್ತಿ ಇಲ್ಲಿಟ್ಟರೆ ಇಲ್ಲಿನ ನಂಬರ್ ಮಾಡಿಸಲೇಬೇಕು, ಮೋಟಾರು ವಾಹನ ಕಾಯಿದೆಯ 47ನೇ ಸೆಕ್ಷನ್ ಅದು. ಅದಕ್ಕೆ ಮೊದಲು ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಆಕ್ಷೇಪ ಇಲ್ಲ ಅನ್ನುವ ಪತ್ರ, ಫಾರ್ಮ್ 28. ಇಲ್ಲಿ ಹೊಸ ನಂಬರಿಗೆ ಫಾರ್ಮ್ 27, ಹೆಸರು ಬದಲಾಯಿಸಲು 29 ಮತ್ತು 30. ಮೇಲಿಂದ ಕೇರಳದ ತೆರಿಗೆ. ಕರ್ನಾಟಕದಲ್ಲಿ ಕಟ್ಟಿದ್ದರಲ್ಲಿ ಉಳಿದ ಅವಧಿಯದ್ದನ್ನು ಅರ್ಜಿ ಹಾಕಿ ವಾಪಸ್ ಕೇಳಬಹುದು, ಆದರೆ ಅದು ಬೇಗ ಕೈಗೆ ಬರುತ್ತದೆ ಅಂತ ಲೆಕ್ಕ ಹಾಕಬೇಡಿ. ಇಷ್ಟೆಲ್ಲ ಸೇರಿಸಿದ ಮೇಲೂ ಕಾಸರಗೋಡಿನ ಕೆಎಲ್-14ರ ಅಂಥದೇ ಕಾರಿಗಿಂತ ಅಗ್ಗವಾದರೆ ಮಾತ್ರ ಗಡಿ ದಾಟಿ. ಹೆಚ್ಚಿನ ಸಲ ಆಗುವುದಿಲ್ಲ.

ಅಡ್ವಾನ್ಸ್ ಕೊಡುವ ಮೊದಲು ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ನಂಬರ್ ಹಾಕಿ ನೋಡಿ. ಎಷ್ಟನೇ ಮಾಲಿಕ, ಸಾಲ ತೀರಿದೆಯೋ, ದಂಡ ಬಾಕಿ ಉಂಟೋ ಎಲ್ಲ ಸಿಗುತ್ತದೆ. ಕೇರಳದಲ್ಲಿ 2023ರ ಜೂನಿನಿಂದ ಎಐ ಕ್ಯಾಮರಾಗಳು ದಂಡ ಹಾಕುತ್ತಿವೆ. ಎಷ್ಟೋ ಜನರಿಗೆ ತಮ್ಮ ಹೆಸರಲ್ಲಿ ದಂಡ ಇರುವುದೇ ಗೊತ್ತಿರುವುದಿಲ್ಲ. ಬಾಕಿ ಇದ್ದರೆ ವರ್ಗಾವಣೆಗೆ ತಡೆ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಬ್ಯಾಂಕಿನ ಎನ್‌ಒಸಿ, ಫಾರ್ಮ್ 35 ಎರಡೂ ಕೈಗೆ ಬರಲಿ. ಕರಾರು ಪತ್ರ ಮಲಯಾಳದಲ್ಲಿದ್ದು ನಿಮಗೆ ಓದಲು ಬಾರದಿದ್ದರೆ ಸಂಕೋಚ ಬೇಡ, ಮನೆಗೆ ಒಯ್ದು ಗೊತ್ತಿದ್ದವರಿಂದ ಓದಿಸಿ ಮರುದಿನ ಸಹಿ ಹಾಕಿ.

ಹೆಸರು ಬದಲಾವಣೆಗೆ ಕೊಂಡವರಿಗೆ ಮೂವತ್ತು ದಿನದ ಗಡುವು. ವಿಮೆಯನ್ನು ಹದಿನಾಲ್ಕು ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ, ನೋ ಕ್ಲೇಮ್ ಬೋನಸ್, ಹಳೆಯ ಮಾಲಿಕನ ಜೊತೆ ಹೋಗುತ್ತದೆ, ಹಾಗಾಗಿ ವಿಮೆಯ ಕಂತು ಸ್ವಲ್ಪ ಏರುತ್ತದೆ. ನಮ್ಮ ಮಳೆಗೆ ಎಂಜಿನ್ ಪ್ರೊಟೆಕ್ಟ್ ಅನ್ನುವ ಹೆಚ್ಚುವರಿ ವಿಮೆ ಸೇರಿಸಿ. ನೀರು ತುಂಬಿದ ರಸ್ತೆಯಲ್ಲಿ ಕಾರು ಬಂದ್ ಬಿದ್ದಾಗ ಮತ್ತೆ ಸ್ಟಾರ್ಟ್ ಮಾಡಿದರೆ ನೀರು ಎಳೆದು ಎಂಜಿನ್ ಒಡೆಯುತ್ತದೆ. ಸಾಮಾನ್ಯ ವಿಮೆಯಲ್ಲಿ ಅದಕ್ಕೆ ದುಡ್ಡು ಸಿಗುವುದಿಲ್ಲ.

ಭಾವ ಕೊನೆಗೆ ತಂದದ್ದು ಕೆಎಲ್-14ರ, ನಾಲ್ಕು ವರ್ಷದ ಪೆಟ್ರೋಲ್ ನೆಕ್ಸಾನ್. ಮ್ಯಾನ್ಯುಯಲ್. ಏಳು ಲಕ್ಷದ ಒಳಗೆ ಮುಗಿಯಿತು. ಉಳಿದದ್ದರಲ್ಲಿ ಚಡಾವಿಗೆ ಕಾಂಕ್ರೀಟ್ ಪಟ್ಟಿ ಹಾಕಿಸಿದ, ನಾಲ್ಕು ಟಯರ್ ಬದಲಾಯಿಸಿದ. ಮೊನ್ನೆ ಮತ್ತೆ ಫೋನ್.

“ಭಾವ, ಮುರಕಲ್ಲು ಕೆತ್ತುವ ಜನ ಯಾರಾದರೂ ಇದ್ದಾರಾ? ಎಡದ ಬರೆ ನಾಲ್ಕು ಇಂಚು ಕೆತ್ತಬೇಕಿತ್ತು.”

“ಕನ್ನಡಿ ಹೋಯಿತಾ?”

“ಒಂದು ಹೋಯಿತು.”